ಎಲೆ ಕಿತ್ತ ಅಪೊಲಿನ್ ಪರ್ಬುಗಳು

ಅಪೊಲಿನ್ ಪರ್ಬುಗಳು ಯಾರ ನೆರಳನ್ನೂ ತುಳಿಯುತ್ತಿರಲಿಲ್ಲ. ಅದು ವಿನಯವೆಂದು ನಾನು ಮೊದಲು ಭ್ರಮಿಸಿದ್ದೆ. ಅಪ್ಪಟ ಹೆದರಿಕೆಯೆಂದು ಅರ್ಥವಾಗಲು ಒಂದು ವಾರ ಹಿಡಿಯಿತು. ಬಹ್ರೇನಿನ ಬಿಸಿಲು ಮನುಷ್ಯನ ನೆರಳನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ನೆಲಕ್ಕೆ ಅಂಟಿಸಿದಷ್ಟು ಖಚಿತವಾಗಿ ಬೀಳಿಸುತ್ತದೆ. ನಮ್ಮ ಮುದೀರ್, ಅಂದರೆ ಕಂಪನಿಯ ಮ್ಯಾನೇಜರು, ಬೆಳಗ್ಗೆ ಏಳು ಗಂಟೆಗೆ ಉದ್ಯಾನದ ದಾರಿಯಲ್ಲಿ ನಡೆದು ಬರುವಾಗ ಅವರ ನೆರಳು ಅವರಿಗಿಂತ ಮೂರು ಪಾಲು ಉದ್ದವಾಗಿ, ಅವರಿಗಿಂತ ಮೊದಲೇ ಕೆಲಸಕ್ಕೆ ಹಾಜರಾಗುತ್ತಿತ್ತು. ಪರ್ಬುಗಳು ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡೇ ಆ ನೆರಳಿನ ತಲೆಯನ್ನು ಸುತ್ತುಹಾಕಿ, ಹುಲ್ಲಿನ ಅಂಚಿಗೆ ಒಂದು ಪಾದ, ಕಲ್ಲಿನ ಅಂಚಿಗೆ ಒಂದು ಪಾದ ಇಟ್ಟು, ಕೆಸರುಗದ್ದೆ ದಾಟುವ ಕೊಕ್ಕರೆಯಂತೆ ಬದಿಗೆ ಸರಿಯುತ್ತಿದ್ದರು. ಯಾಕೆಂದು ಕೇಳಿದರೆ, "ಎಂತಕ್ಕೆ ಸುಮ್ನೆ ರೈಟ್ರೇ, ತುಳಿದದ್ದು ಅವರಿಗೆ ಗೊತ್ತಾದ್ರೆ?" ಎಂದರು. ನೆರಳು ತುಳಿದರೆ ಯಾರಿಗೂ ಗೊತ್ತಾಗುವುದಿಲ್ಲವೆಂದು ನಾನು ವಿದ್ಯಾವಂತನ ಗತ್ತಿನಿಂದ ವಿವರಿಸಿದೆ. "ಗೊತ್ತಾಗುವುದಿಲ್ಲ ಅಂತ ನಿಮಗೆ ಗೊತ್ತುಂಟಾ?" ಎಂದರು. ಅಂದಿನಿಂದ ನಾನೂ, ಯಾರೂ ನೋಡದಿರುವಾಗ, ತುಸು ಬದಿಗೆ ಸರಿಯುತ್ತೇನೆ.

ರೈಟರೆಂದರೆ ನಾನೇ. ಕಾರ್ಕಳದಲ್ಲಿ ಟೈಪಿಂಗ್ ಲೋವರ್ ಪಾಸಾಗಿ, ಎಂಬತ್ತೆರಡರಲ್ಲಿ, ನನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮನಾಮದ ಒಂದು ಸಾರ್ವಜನಿಕ ಉದ್ಯಾನವನ್ನು ನೋಡಿಕೊಳ್ಳುವ ಗುತ್ತಿಗೆ ಕಂಪನಿಗೆ ಬಂದು ಸೇರಿದವನು. ಊರಿನಲ್ಲಿ ನಾನು ಆಫೀಸರು. ಇಲ್ಲಿ ಉದ್ಯಾನದ ಹಿಂಬದಿಯ ತಗಡಿನ ಕೋಣೆಯಲ್ಲಿ ಕುಳಿತು ಹುಲ್ಲು, ಪೈಪು, ಬೆಂಚು, ಮರಗಳ ದಿನದ ವರದಿಯನ್ನು ಇಂಗ್ಲಿಷಿನಲ್ಲಿ ಕುಟ್ಟುವವನು. ಮನಾಮದ ಮಾಹೂಝ್ ಬಡಾವಣೆಯ ಕೋಣೆಯಲ್ಲಿ ನನ್ನೊಂದಿಗೆ ಇದ್ದ ಸುಂದರ, ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಗೆ ದಿನವೂ ಬಸ್ಸು ಹತ್ತಿ ಹೋಗಿ ಬೆಂಕಿಯ ಎದುರು ನಿಂತು ಬರುವ ಗಟ್ಟಿಗ, ನನ್ನ ಹುದ್ದೆಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದ: "ಹುಲ್ಲಿನ ಶಾನುಭೋಗ." ವರದಿಯ ಕೊನೆಯ ಸಾಲಿನಲ್ಲಿ ಒಂದು ವಿಶೇಷ ಮರದ ಹೆಸರಿತ್ತು. ಅದರ ಮುಂದೆ ನಾನು ದಿನವೂ "ಸ್ಥಿತಿ ಉತ್ತಮ" ಎಂದು ಟೈಪಿಸುತ್ತಿದ್ದೆ. ಕೋಣೆಯಿಂದ ಆ ಮರಕ್ಕೆ ಇನ್ನೂರು ಹೆಜ್ಜೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಏರ್ ಕಂಡೀಷನರು. ನನ್ನ ಪ್ರಾಮಾಣಿಕತೆ ಆ ಇನ್ನೂರು ಹೆಜ್ಜೆಗಳಷ್ಟು ಬಲವುಳ್ಳದ್ದಾಗಿರಲಿಲ್ಲ.

ಪರ್ಬುಗಳು ಆ ಮರದ ಮಾಲಿ. ಉಡುಪಿಯ ಹತ್ತಿರದ ಶಂಕರಪುರದವರು; ಕೊಂಕಣಿ ಮನೆಮಾತಿನ ಕ್ರೈಸ್ತರಾದ್ದರಿಂದ ನಾವು ತುಳುವರು ನಮ್ಮ ರೂಢಿಯಂತೆ ಪರ್ಬುಗಳೇ ಎಂದು ಕರೆಯುತ್ತಿದ್ದೆವು. ಐವತ್ತರ ಅಂಚಿನ ಆಸಾಮಿ, ಒಣಗಿದ ನುಗ್ಗೆಕಾಯಿಯಂಥ ಮೈ, ಸದಾ ಯಾರೋ ಹಿಂದಿನಿಂದ ಕರೆದರೇನೋ ಎಂಬಂತೆ ಎಡಕ್ಕೆ ವಾಲಿದ ಕಿವಿ. ಯಾವ ಕೆಲಸಕ್ಕೆ ಕೈಹಾಕುವ ಮುನ್ನವೂ "ಸಾಯ್ಬಾ ಭೊಗೊಸ್" ಎನ್ನುವರು, ದೇವರೇ ಕ್ಷಮಿಸು ಎಂದು. ನಲ್ಲಿ ತಿರುಗಿಸುವ ಮೊದಲು, ಕತ್ತರಿ ಎತ್ತುವ ಮೊದಲು, ಚಹಾ ಕುಡಿಯುವ ಮೊದಲು ಕೂಡ. ತಪ್ಪು ಮಾಡಿದ ಮೇಲೆ ಕ್ಷಮೆ ಕೇಳುವವರನ್ನು ನಾನು ನೋಡಿದ್ದೆ. ಮುಂಗಡವಾಗಿ ಕೇಳಿಟ್ಟುಕೊಳ್ಳುವವರು ಇವರೊಬ್ಬರೇ. ಇನ್ನು ಅವರ ಕೋಟು. ಮದುವೆಗೆ ಹೊಲಿಸಿದ ಕಪ್ಪು ಕೋಟು, ಕಾಲರು ಬೂದಿಬಣ್ಣಕ್ಕೆ ತಿರುಗಿ, ಒಂದು ಗುಂಡಿಯ ಜಾಗದಲ್ಲಿ ಅಂಗಿಯ ಬಿಳಿ ಗುಂಡಿ ಕುಳಿತಿತ್ತು. ಮುದೀರ್ ತಪಾಸಣೆಗೆ ಬರುವ ದಿನ, ಆಗಸ್ಟಿನ ಉರಿಯಲ್ಲಾದರೂ ಸರಿ, ಪರ್ಬುಗಳು ಅದನ್ನು ತೊಟ್ಟು, ಬೆವರು ಕಿವಿಯ ಹಿಂದಿನಿಂದ ಇಳಿದು ಕೊರಳಪಟ್ಟಿಯನ್ನು ಸೇರುತ್ತಿರುವಾಗಲೂ, ನಿಶ್ಚಲವಾಗಿ ನಿಂತಿರುವರು. ತಮ್ಮ ಶವಪೆಟ್ಟಿಗೆಗೆ ತಾವೇ ಸಿಂಗರಿಸಿಕೊಂಡು ಬಂದವರಂತೆ ಕಾಣುತ್ತಿದ್ದರು. ಇದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ, ಹೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದರು.

ಮರದ ಕಥೆ ಇಷ್ಟು. ಎಂಬತ್ತೊಂದರಲ್ಲಿ ಯಾವುದೋ ಚಳಿ ದೇಶದ ದೊಡ್ಡ ಮನುಷ್ಯರೊಬ್ಬರು ಸ್ನೇಹದ ಕುರುಹಾಗಿ ಒಂದು ಕ್ರ್ಯಾಬ್ ಆಪಲ್ ಗಿಡವನ್ನು ವಿಮಾನದಲ್ಲಿ ತಂದು ಈ ಉದ್ಯಾನದಲ್ಲಿ ನೆಟ್ಟು, ಬುಡದಲ್ಲಿ ಹಿತ್ತಾಳೆಯ ಫಲಕ ಹಾಕಿಸಿ ಹೋಗಿದ್ದರು. ಅದು ಸೇಬಿನ ಜಾತಿಯದೇ, ಆದರೆ ಹಣ್ಣಿಗಲ್ಲ, ವಸಂತದ ಹೂವಿನ ಅಂದಕ್ಕೆಂದೇ ಬೆಳೆಸುವ ಅಲಂಕಾರದ ಮರ. ಸುಂದರ ಒಂದು ಶುಕ್ರವಾರ ಬಂದು ಅದನ್ನು ಸುತ್ತ ಸುತ್ತಿ, "ಹೆಸರಿನಲ್ಲಿ ಏಡಿಯೂ ಉಂಟು, ಸೇಬೂ ಉಂಟು. ಸಾರಿಗೂ ಆಗುವುದಿಲ್ಲ, ತಿನ್ನಲಿಕ್ಕೂ ಆಗುವುದಿಲ್ಲ. ಇದಕ್ಕೊಬ್ಬ ಮಾಲಿ, ಆ ಮಾಲಿಗೊಬ್ಬ ಗುಮಾಸ್ತ" ಎಂದು ತೀರ್ಪಿತ್ತ. ಮೂರು ವರ್ಷಗಳಲ್ಲಿ ಆ ಮರ ಒಂದು ಹೂವನ್ನೂ ಬಿಟ್ಟಿರಲಿಲ್ಲ.

ಹೂ ಬಿಡದಂತೆ ಮಾಡಿದವರು ಪರ್ಬುಗಳೇ, ಅದೂ ಪ್ರೀತಿಯಿಂದ. ವರ್ಷದಲ್ಲಿ ಐದು ತಿಂಗಳು ಆಕಾಶವೇ ಕಳಚಿ ಬೀಳುವ ಕರಾವಳಿಯಲ್ಲಿ ಹುಟ್ಟಿದ ನಮಗೆ ಸಕಲ ರೋಗಕ್ಕೂ ನೀರೇ ಔಷಧಿ. ಚಳಿ ದೇಶದ ಕೂಸು ಈ ಉರಿಯಲ್ಲಿ ಬಾಡೀತೆಂದು ಹೆದರಿ ಅವರು ಕಾಂಡಕ್ಕೆ ಒದ್ದೆ ಗೋಣಿ ಸುತ್ತಿದರು, ಪಡುವಣ ಬಿಸಿಲಿಗೆ ಚಾಪೆಯ ಮರೆ ಕಟ್ಟಿದರು. ನಲ್ಲಿಯ ನೀರು ಉಪ್ಪೆಂದು ಟ್ಯಾಂಕರಿನ ಸಿಹಿನೀರನ್ನೇ, ತಾವು ಕುಡಿಯುವುದಕ್ಕಿಂತ ಮೊದಲು, ಮೂರು ಹೊತ್ತು ಉಣಿಸಿದರು. ಮರ ಸುಖವಾಗಿತ್ತು. ಬೇಸಗೆಯಲ್ಲೂ ಹಸಿರು, ಚಳಿಗಾಲದಲ್ಲೂ ಹಸಿರು; ಎಲೆ ಉದುರಿಸಿ ಮಲಗಬೇಕಾದ ಕಾಲದಲ್ಲಿಯೂ ಅದಕ್ಕೆ ನಿದ್ದೆ ಹತ್ತದಂತೆ ಇವರು ತಟ್ಟಿ ಎಬ್ಬಿಸಿ ಉಣಿಸುತ್ತಲೇ ಇದ್ದರು. ಹಾಗೆ ಮಲಗಿ ಎದ್ದರೆ ಮಾತ್ರ ಅದು ಹೂ ಬಿಡುವುದೆಂದು ನನಗೆ ಆಮೇಲೆ ತಿಳಿದದ್ದು. ಆಗ ನಾನು ಬರೆಯುತ್ತಿದ್ದದ್ದು "ಸ್ಥಿತಿ ಉತ್ತಮ", ಮತ್ತು ಒಂದು ಲೆಕ್ಕದಲ್ಲಿ ಅದು ಸುಳ್ಳೂ ಆಗಿರಲಿಲ್ಲ.

ಎಂಬತ್ತಮೂರರ ಡಿಸೆಂಬರಿನಲ್ಲಿ ಮುದೀರ್ ನಮ್ಮಿಬ್ಬರನ್ನೂ ಮರದ ಬಳಿಗೆ ಕರೆದರು. ಅವರು ದನಿಯೇರಿಸಿದ್ದನ್ನು ಯಾರೂ ಕೇಳಿದವರಿಲ್ಲ. ಅದಕ್ಕೇ ಅವರೆಂದರೆ ಎಲ್ಲರಿಗೂ ನಡುಕ. ಮರ ನೆಟ್ಟ ದೊಡ್ಡ ಮನುಷ್ಯರು ತೀರಿಕೊಂಡಿದ್ದರು. ಅವರ ಪತ್ನಿ ಮಾರ್ಚ್ ನಡುವೆ ಬಹ್ರೇನಿಗೆ ಬರುವವರಿದ್ದರು; ಗಂಡನ ಮರ ಹೂವಾದದ್ದನ್ನು ನೋಡಬೇಕೆಂದು ಬರೆದಿದ್ದರು. ಪರ್ಬುಗಳ ವೀಸಾ ಮುಗಿಯುವುದೂ ಮಾರ್ಚಿನಲ್ಲೇ. ಮುದೀರ್ ಹಿತ್ತಾಳೆಯ ಫಲಕದ ಧೂಳನ್ನು ತಮ್ಮ ಬಿಳಿ ತೋಬಿನ, ಆ ಉದ್ದ ನಿಲುವಂಗಿಯ ತೋಳಿನಿಂದ ಒರೆಸಿ, ಎಲ್ಲ ದೇಶದ ಕೂಲಿಗಳಿಗೂ ತಿಳಿಯುವ ಆ ಕಲಬೆರಕೆ ಭಾಷೆಯಲ್ಲಿ ಮೆಲ್ಲನೆ ಹೇಳಿದರು: "ಫೂಲ್ ಮಾಫಿ, ವೀಸಾ ಮಾಫಿ." ಹೂವಿಲ್ಲದಿದ್ದರೆ ವೀಸಾ ಇಲ್ಲ. ಇಷ್ಟನ್ನು ಹೇಳಿ ಅವರು ಚಹಾಕ್ಕೆ ಹೋದರು.

ಪರ್ಬುಗಳು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಅವರ ಮಗಳು ನೆಲ್ಲಿ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೂ ಒಂದೂವರೆ ವರ್ಷವಿತ್ತು. ಮನೆಯ ಮಲ್ಲಿಗೆ ತೋಟ ರೋಗ ತಗುಲಿ ಹೋದದ್ದರಿಂದಲೇ ಅವರು ಈ ವಯಸ್ಸಿನಲ್ಲಿ ಸಮುದ್ರ ದಾಟಿದ್ದು. "ಗಿಡ ಸತ್ತು ಬಂದವ ಇಲ್ಲಿಂದಲೂ ಗಿಡ ಸರಿ ಮಾಡ್ಲಿಕ್ಕಾಗದೆ ಹೋದ ಅಂತ ಹೇಳಿದ್ರೆ, ಮತ್ತೆ ನನ್ನ ಕೈಗೆ ಯಾರಾದ್ರೂ ಹುಲ್ಲುಕಡ್ಡಿ ಕೊಡ್ತಾರಾ ರೈಟ್ರೇ?" ಎಂದರು. ನಾನು ಏನಾದರೂ ಧೈರ್ಯದ ಮಾತು ಹೇಳಬೇಕಿತ್ತು. ದಿನದ ವರದಿಗಳ ಕೆಳಗೆ ಯಾರ ಸಹಿ ಇದೆ ಎಂಬ ಯೋಚನೆಯಲ್ಲಿ ನಾನು ಮಗ್ನನಾಗಿದ್ದೆ.

ಜನವರಿಯ ಕೊನೆಯ ಒಂದು ಬೆಳಗ್ಗೆ ಚಳಿಗೆಂದು ಹಚ್ಚುತ್ತಿದ್ದ ನನ್ನ ಕೋಣೆಯ ಹೀಟರು ಕೆಟ್ಟುಹೋಯಿತು. ಹಾಗಾಗಿ ಮಾತ್ರ ನಾನು ಹೊರಗೆ ಬಂದೆ; ಹಾಗಾಗಿ ಮಾತ್ರ ನನಗೆ ಆ ಮರ ಕಂಡಿತು. ಎಲೆಯೆಂಬುದೇ ಇರಲಿಲ್ಲವೆನ್ನಬೇಕು. ಬೋಳು ಕೊಂಬೆಗಳು ಆಕಾಶವನ್ನು ಗೀರುತ್ತ ನಿಂತಿದ್ದವು. ಬುಡದ ಮಣ್ಣನ್ನು ಕೆರೆದು ಬೇರುಗಳನ್ನು ಬಿಸಿಲಿಗೆ ತೆರೆದಿಡಲಾಗಿತ್ತು. ಪಾತಿ ಬಿರುಕು ಬಿಡುವಷ್ಟು ಒಣಗಿತ್ತು. ಬದಿಯಲ್ಲಿ ಪರ್ಬುಗಳು ಏಣಿಯ ಮೇಲೆ ನಿಂತು, ತುದಿಕೊಂಬೆಯ ಕಡೆಯ ನಾಲ್ಕೈದು ಎಲೆಗಳನ್ನು, ತೊಟ್ಟಿನ ಬುಡದ ಕಣ್ಣಿಗೆ, ಮೊಗ್ಗು ಒಡೆಯುವ ಜಾಗಕ್ಕೆ, ನೋವಾಗದಂತೆ ಹೆಬ್ಬೆರಳಿನಿಂದ ಮೇಲಕ್ಕೆ ತಿರುಚಿ, ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕುತ್ತಿದ್ದರು.

"ಪರ್ಬುಗಳೇ, ಇದೆಂತ ಮಾಡಿದ್ರಿ?"

"ಸಾಯ್ಬಾ ಭೊಗೊಸ್. ಮೆಲ್ಲ ಮಾತಾಡಿ ರೈಟ್ರೇ. ಮೂರು ದಿನ ಆಯ್ತು, ನೀವು ನೋಡ್ಲಿಲ್ವಾ?"

ಮೂರು ದಿನಗಳಿಂದ ನಾನು ಆ ಬೋಳುಮರದ ಮುಂದೆ "ಸ್ಥಿತಿ ಉತ್ತಮ" ಎಂದು ಬರೆದು, ಸಹಿ ಹಾಕಿ, ಪ್ರತಿಯನ್ನು ಗೇಟಿನ ಹಲಗೆಗೂ ಅಂಟಿಸಿದ್ದೆ. ವಿವರಣೆ ಕೇಳುವ ವ್ಯವಧಾನ ನನಗಿರಲಿಲ್ಲ. ಹೆದರಿದವನಿಗೆ ಕಾಲಿಗಿಂತ ಮೊದಲು ಬೆರಳು ಓಡುತ್ತದೆಂಬುದು ನನಗೆ ಅಂದು ತಿಳಿಯಿತು. ಚಳಿ ಕೊರೆಯುವ ಕೋಣೆಗೆ ಹೋಗಿ, ಹತ್ತು ನಿಮಿಷದಲ್ಲಿ, ಒಂದು ತಪ್ಪೂ ಇಲ್ಲದ ಅತ್ಯುತ್ತಮ ಇಂಗ್ಲಿಷಿನಲ್ಲಿ, ಮಾಲಿ ಅಪೊಲಿನ್ ಯಾರ ಅನುಮತಿಯನ್ನೂ ಪಡೆಯದೆ ಮರದ ಎಲೆಗಳನ್ನೆಲ್ಲ ಕಿತ್ತು ನೀರನ್ನು ನಿಲ್ಲಿಸಿರುವನೆಂದೂ, ಇದು ನನ್ನ ಗಮನಕ್ಕೆ ಈಗತಾನೆ ಬಂದಿರುವುದೆಂದೂ ಒಂದು ಪತ್ರ ಕುಟ್ಟಿ ಮುದೀರರ ಮೇಜಿನ ಮೇಲಿಟ್ಟೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೊಕ್ಕವಾಗಿ ಇನ್ನೇನನ್ನೂ ಬರೆದಿಲ್ಲ.

ಮಧ್ಯಾಹ್ನಕ್ಕೆ ಕರೆ ಬಂತು. ಪರ್ಬುಗಳು ಕೋಟು ತೊಟ್ಟು ಬಂದರು. ಮುದೀರರಿಗೆ ಹಿಂದಿ ಬರುತ್ತಿತ್ತು; ಪರ್ಬುಗಳ ಹಿಂದಿ ನೀರು, ಗೊಬ್ಬರ, ಸಲಾಂಗಳಾಚೆ ಹೋಗುತ್ತಿರಲಿಲ್ಲವಾದ್ದರಿಂದ ದುಭಾಷಿಯಾಗಿ ನಾನೇ ನಿಲ್ಲಬೇಕಾಯಿತು. ಯಾವನ ಮೇಲೆ ದೂರು ಬರೆದೆನೋ ಅವನ ಸಮಜಾಯಿಷಿಯನ್ನು ನಾನೇ ಹಿಂದಿಗೆ ತಿರುಗಿಸಿ ಹೇಳುವ ಆ ಸುಯೋಗವನ್ನು ಯಾವ ಶತ್ರುವಿಗೂ ಬಯಸಲಾರೆ. ಮುದೀರ್ ನನ್ನ ಪತ್ರವನ್ನು ಎರಡು ಬೆರಳುಗಳ ನಡುವೆ ಹಿಡಿದು, ಎಲೆ ಕಿತ್ತದ್ದು ಯಾಕೆಂದು ಕೇಳಿದರು.

ಪರ್ಬುಗಳು ಸಾಯ್ಬಾ ಭೊಗೊಸ್ ಎಂದರು. ನೆಲ ನೋಡುತ್ತಲೇ ಹೇಳತೊಡಗಿದರು. ಶಂಕರಪುರದಲ್ಲಿ ಅವರ ತಾಯಿ, ಮಲ್ಲಿಗೆ ಗಿಡ ಸೊಕ್ಕಿ ಬರೀ ಎಲೆಯಾದರೆ, ನೀರು ನಿಲ್ಲಿಸಿ ಎಲೆ ಬೋಳಿಸುತ್ತಿದ್ದರು. ಗಿಡಕ್ಕೆ ಸಾವಿನ ಭಯ ಹುಟ್ಟಿದರೆ ಹೂ ಬಿಡುತ್ತದೆ ಎನ್ನುತ್ತಿದ್ದರು. ಆದರೆ ಸೇಬಿಗೂ ಅದೇ ಮದ್ದೆಂದು ತಿಳಿದದ್ದು ಹೇಗೆ? ಅಕ್ಟೋಬರಿನಲ್ಲಿ ಒಂದು ಆಡು ಬೇಲಿ ನುಗ್ಗಿ ಬಂದು ಮರದ ಕೆಳಗೊಂಬೆಯ ಎಲೆಗಳನ್ನೆಲ್ಲ ಮೇದುಬಿಟ್ಟಿತು. ಹೆದರಿಕೆಯಿಂದ ಪರ್ಬುಗಳು ಯಾರಿಗೂ ಹೇಳದೆ ಆ ಕೊಂಬೆಗೆ ಗೋಣಿ ಮುಚ್ಚಿದ್ದರು. ತಿಂಗಳ ಮೇಲೆ ಗೋಣಿ ಸರಿಸಿ ನೋಡಿದರೆ ಅಲ್ಲಿ ಎರಡು ಹೂ. ಇನ್ನಷ್ಟು ಹೆದರಿ, ಅವನ್ನೂ ಚಿವುಟಿ ಜೇಬಿಗೆ ಹಾಕಿಕೊಂಡಿದ್ದರು.

ನಾನು ಎಲ್ಲವನ್ನೂ ಹೇಳುತ್ತ ಬಂದು ಆಡಿನ ಬಳಿ ಎಡವಿದೆ. ಅದರ ಕೊರಳಲ್ಲಿ ಕೆಂಪು ಪಟ್ಟಿ ಇತ್ತೆಂದು ಪರ್ಬುಗಳು ಹೇಳಿದ್ದರು. ಉದ್ಯಾನದ ಹಿಂದಿನ ಮನೆಯ ಆ ಆಡನ್ನು ಅರಿಯದವರಿರಲಿಲ್ಲ. ಅದು ಮುದೀರರ ತಾಯಿಯದು.

"ಕೋಈ ಏಕ್ ಬಕ್ರಿ," ಎಂದೆ ನಾನು. ಯಾವುದೋ ಒಂದು ಆಡು.

ಪರ್ಬುಗಳು ತಲೆಯೆತ್ತಿದರು. ನನ್ನನ್ನು ನೋಡಿದರು, ಆಮೇಲೆ ಮೊದಲ ಬಾರಿಗೆ ಮುದೀರರನ್ನು ನೋಡಿದರು. "ನೈ. ಮುದೀರ್ ಕಾ ಅಮ್ಮಾ ಕಾ ಬಕ್ರಿ," ಎಂದರು. ದನಿ ನಡುಗುತ್ತಿತ್ತು, ಆದರೆ ಮಾತು ನಡುಗಲಿಲ್ಲ. ಆಮೇಲೆ ನನ್ನತ್ತ ತಿರುಗಿ ಕನ್ನಡದಲ್ಲಿ, "ಸರಿಯಾಗಿ ಹೇಳಿ ರೈಟ್ರೇ. ಯಾವುದೋ ಆಡು ಅಂದ್ರೆ ಕಥೆ ಕಟ್ಟಿದ್ದು ಅಂತ ಆಗ್ತದೆ. ಬೇಕಾದ್ರೆ ಅಮ್ಮನ ಹತ್ರ ಕೇಳ್ಲಿ" ಎಂದರು.

ಮುದೀರ್ ನನ್ನ ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟರು. ಕೊನೆಗೆ, ಆಯಿತು, ಈಗಲೇ ಹೋಗಿ ಮರಕ್ಕೆ ನೀರು ಹಾಕು ಎಂದರು. ಅದನ್ನು ನಾನು ಅತ್ಯಂತ ಉತ್ಸಾಹದಿಂದ ಕನ್ನಡಕ್ಕೆ ತಂದೆ.

"ಇಲ್ಲ," ಎಂದರು ಪರ್ಬುಗಳು.

"ಎಂತ ಇಲ್ಲ? ನೀರು ಹಾಕ್ತೇನೆ ಅಂತ ಹೇಳಿ ಮಾರಾಯ್ರೆ."

"ಇವತ್ತು ಹಾಕಿದ್ರೆ ಎಲೆಯೇ ಬರ್ತದೆ, ಹೂ ಬರುವುದಿಲ್ಲ. ಇನ್ನೂ ಹತ್ತು ದಿವಸ ಉಂಟು. ಊರಿಗೆ ಕಳಿಸುವುದಾದ್ರೆ ಕಳಿಸ್ಲಿ. ನನ್ನ ಜಾಗಕ್ಕೆ ಬಂದವನ ಹತ್ರ ಹತ್ತು ದಿವಸ ನೀರು ಹಾಕ್ಬೇಡ ಅಂತ ಹೇಳ್ಲಿಕ್ಕೆ ಹೇಳಿ." ಅವರ ಕಣ್ಣಿನಲ್ಲಿ ನೀರು ನಿಂತಿತ್ತು. ನಾನು ಇದನ್ನು ಹಿಂದಿಯಲ್ಲಿ ಹೇಗೆ ಹೇಳಿದೆನೋ ತಿಳಿಯದು.

ಮುದೀರ್ ಕ್ಯಾಲೆಂಡರಿನತ್ತ ನೋಡಿದರು. "ಮಾರ್ಚ್ ಹದಿನಾಲ್ಕು," ಎಂದರು ಮೆಲ್ಲನೆ. "ಆ ದಿನ ಹೂವಿಲ್ಲದಿದ್ದರೆ ಎರಡು ಟಿಕೆಟ್." ಒಂದು ಬೆರಳು ಪರ್ಬುಗಳತ್ತ ತೋರಿತು, ಇನ್ನೊಂದು ನನ್ನತ್ತ. "ಮೂರು ದಿನ ನೀನು 'ಉತ್ತಮ' ಎಂದು ಬರೆದಿದ್ದೀಯ. ಇವನು ಮರವನ್ನು ಕೊಂದಿದ್ದರೂ ನೋಡಿ ಕೊಂದಿದ್ದಾನೆ."

ಆ ಬಳಿಕದ ಆರು ವಾರಗಳನ್ನು ನಾನು ಬದುಕಿದೆನೆನ್ನಲು ಸಾಧ್ಯವಿಲ್ಲ. ದಿನಕ್ಕೆ ನಾಲ್ಕು ಬಾರಿ ಆ ಇನ್ನೂರು ಹೆಜ್ಜೆಗಳನ್ನು ನಡೆದೆ. ಕೊಂಬೆಯ ಮೇಲಿನ ಪ್ರತಿಯೊಂದು ಗಂಟೂ ನನಗೆ ಮೊಗ್ಗಾಗಿ ಕಂಡಿತು, ಮರುಗಳಿಗೆ ಹುಣ್ಣಾಗಿ ಕಂಡಿತು. ನಮ್ಮ ಮನೆಯ ದೈವಕ್ಕೆ ಹರಕೆ ಹೇಳಿಕೊಂಡೆ. ಸಾಲದೆಂದು ಶುಕ್ರವಾರ ಪರ್ಬುಗಳ ಜೊತೆ ಇಗರ್ಜಿಗೂ ಹೋಗಿ ಮೇಣದಬತ್ತಿ ಹಚ್ಚಿದೆ. ಬರಿಗೈಯಲ್ಲಿ ಊರಿಗೆ ಹೋಗುವ ಅವಮಾನವನ್ನು ನೆನೆದು ಗಲ್ಫಿನಿಂದ ಬರುವವರೆಲ್ಲ ಒಯ್ಯುವಂಥ ಒಂದು ದಪ್ಪ ಕಂಬಳಿಯನ್ನು ಮುಂಗಡವಾಗಿ ಕೊಂಡೂ ಇಟ್ಟೆ. "ಕಾರ್ಕಳದ ಸೆಕೆಗೆ ಕಂಬಳಿ ಹೊದ್ದು ಮಲಗು, ಆಫೀಸರ್ ಸಾಹೇಬ್ರು ಬಂದ್ರು ಅಂತ ಎಲ್ರಿಗೂ ಗೊತ್ತಾಗ್ಲಿ," ಎಂದ ಸುಂದರ. ಹತ್ತನೆಯ ದಿನ ಪರ್ಬುಗಳು ಬೇರುಗಳಿಗೆ ಮಣ್ಣು ಮುಚ್ಚಿ, ಸಾಯ್ಬಾ ಭೊಗೊಸ್ ಎಂದು, ಮೊದಲ ಕೊಡ ನೀರನ್ನು ಕೈಯಿಂದ ಚಿಮುಕಿಸಿದರು. ಅದಾದ ಮೂರನೆಯ ವಾರ ವಾಯವ್ಯದಿಂದ ಶಮಾಲ್ ಗಾಳಿ ಎದ್ದಿತು. ಎರಡು ಹಗಲು ಮರಳು ಕುದಿಯಿತು, ಆಕಾಶ ಅರಸಿನ ಕಲಸಿದ ಬಣ್ಣಕ್ಕೆ ತಿರುಗಿತು. ಪರ್ಬುಗಳು ಗೋಣಿಯನ್ನು ಎರಡು ಕೈಗಳಿಂದ ಅಗಲಿಸಿ ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ದರು. ನಾನು ಇನ್ನೊಂದು ಗೋಣಿ ಹಿಡಿದು ನಿಂತೆ. ಇದನ್ನು ನನ್ನ ಶೌರ್ಯವೆಂದು ಯಾರೂ ತಿಳಿಯಬಾರದು; ಎರಡನೆಯ ಟಿಕೆಟ್ ನನ್ನದಾಗಿತ್ತು.

"ನಿಮಗೆ ಹೆದರಿಕೆ ಆಗ್ತಾ ಉಂಟಾ ಪರ್ಬುಗಳೇ?" ಮರಳು ಬಾಯಿಗೆ ಬೀಳುತ್ತಿರುವಾಗಲೇ ಕೇಳಿದೆ.

"ಆಗದೆ? ಹೆದರಿಕೆ ಇಲ್ಲದಿದ್ರೆ ಈ ಗಾಳಿಯಲ್ಲಿ ಯಾರು ನಿಲ್ತಾರೆ?"

ಮಾರ್ಚ್ ಏಳರಂದು ಒಂದು ಗಂಟಿನ ತುದಿಯಲ್ಲಿ ಗುಲಾಬಿ ಚುಕ್ಕೆ ಕಂಡಿತು. ಹನ್ನೊಂದರ ಹೊತ್ತಿಗೆ ಕೊಂಬೆ ಕೊಂಬೆಯಲ್ಲೂ ಗೊಂಚಲು. ಹದಿನಾಲ್ಕರಂದು ಮರವಿಡೀ, ಎಲೆಯ ಸೋಂಕೇ ಇಲ್ಲದೆ, ಬಿಳಿಯೂ ಅಲ್ಲದ ಗುಲಾಬಿಯೂ ಅಲ್ಲದ, ಎಳೆಗೂಸಿನ ಅಂಗೈಯ ಬಣ್ಣದಲ್ಲಿ ಅರಳಿ ನಿಂತಿತ್ತು. ಆ ದೊಡ್ಡ ಮನುಷ್ಯರ ಪತ್ನಿ, ಉದ್ದನೆಯ ವೃದ್ಧೆ, ಬಂದು, ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದರ ಮುಂದೆ ನಿಂತರು. ಬಹಳ ಹೊತ್ತಾದ ಮೇಲೆ ಮಾಲಿ ಯಾರೆಂದು ಕೇಳಿದರು. ಮಾಲಿ ಇರಲಿಲ್ಲ. ಮುದೀರ್ ನನ್ನನ್ನು ಹುಡುಕಲು ಕಳಿಸಿದರು.

ಪರ್ಬುಗಳು ನೀರಿನ ಟ್ಯಾಂಕಿನ ಹಿಂದೆ, ಕೋಟು ತೊಟ್ಟು, ಬೋರಲು ಹಾಕಿದ ಬಕೆಟಿನ ಮೇಲೆ ಕುಳಿತು ಜಪಸರ ಎಣಿಸುತ್ತಿದ್ದರು. ಹೂ ಉದುರಿತೇ ಎಂದು ಕೇಳಿದರು. ಉದುರಲಿಲ್ಲ, ಅಮ್ಮನವರು ನಿಮ್ಮನ್ನು ಕರೆಯುತ್ತಿದ್ದಾರೆ ಎಂದೆ. "ನನಗೆ ಹುಷಾರಿಲ್ಲ ಅಂತ ಹೇಳಿ ರೈಟ್ರೇ," ಎಂದರು. ಎಷ್ಟು ಎಳೆದರೂ ಏಳಲಿಲ್ಲ. ಕಡೆಗೆ ನಾನೇ ಹೋಗಿ ಮಾಲಿಗೆ ಜ್ವರವೆಂದು ಹೇಳಿದೆ. ಆ ಸುಳ್ಳು ಹೇಳುವಾಗ ಮಾತ್ರ, ಯಾಕೋ, ನನ್ನ ನಾಲಿಗೆ ತಡವರಿಸಿತು.

ವಾರದೊಳಗೆ ವೀಸಾ ನವೀಕರಣವಾಗಿ ಬಂತು, ಎರಡು ವರ್ಷಕ್ಕೆ. ಮೊಹರು ಬಿದ್ದ ಪುಟವನ್ನು ತೋರಿಸಲು ನಾನು ಓಡಿದೆ. ಹೂಗಳು ಉದುರತೊಡಗಿದ್ದವು, ಪರ್ಬುಗಳು ಅವನ್ನು ಗುಡಿಸದೆ ಒಂದೊಂದಾಗಿ ಹೆಕ್ಕುತ್ತಿದ್ದರು. ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಗ ನಾನು, ಸಂತೋಷದ ಗಳಿಗೆಯಲ್ಲಿ ಪಾಪವೂ ಅಗ್ಗವಾದೀತೆಂಬ ಲೆಕ್ಕದಲ್ಲಿ, ಆ ದಿನ ದೂರು ಬರೆದವನು ನಾನೇ ಎಂದು ಹೇಳಿಬಿಟ್ಟೆ.

"ಗೊತ್ತುಂಟು," ಎಂದರು ಅವರು. "ಮುದೀರರ ಕೈಯಲ್ಲಿದ್ದ ಕಾಗದ ನಿಮ್ಮ ಮಿಷನಿನದ್ದು. ಗೇಟಿಗೆ ಅಂಟಿಸುವುದರಲ್ಲಿಯೂ ಹಾಗೆ, ಒಂದು ಅಕ್ಷರ ಯಾವಾಗ್ಲೂ ಸಾಲು ಬಿಟ್ಟು ಮೇಲೆ ಹತ್ತಿ ಕೂತಿರ್ತದೆ. ಓದ್ಲಿಕ್ಕೆ ಬರದಿದ್ರೂ ಕಣ್ಣಿಗೆ ಕಾಣ್ತದಲ್ಲ."

"ಕೋಪ ಬರ್ಲಿಲ್ವಾ?"

"ಕೋಪ ಮಾಡ್ಲಿಕ್ಕೆ ಪುರ್ಸೊತ್ತು ಎಲ್ಲಿತ್ತು ಮಾರಾಯ್ರೆ, ಹೆದರಿಕೆಯೇ ಅಷ್ಟು ಇತ್ತು." ಆಮೇಲೆ ಪಾಸ್‌ಪೋರ್ಟನ್ನು ಮಡಚಿ ನನ್ನ ಕೈಗೆ ಮರಳಿಸಿ, ಬರಿದಾಗುತ್ತಿದ್ದ ಮರದತ್ತ ನೋಡಿ, ಮುಖ ಸಣ್ಣಗೆ ಮಾಡಿಕೊಂಡು ಕೇಳಿದರು: "ಈಗ ಬರುವ ವರ್ಷವೂ ಹೂ ಕೇಳ್ತಾರಲ್ಲ ರೈಟ್ರೇ?"

ಕೇಳಿದರು. ಪರ್ಬುಗಳೂ ಎಂಬತ್ತೈದರಲ್ಲಿ, ಎಂಬತ್ತಾರರಲ್ಲಿ, ಹಾಗೆಯೇ ನಡುಗುತ್ತ ಎಲೆ ಕಿತ್ತರು. ಒಂದು ವರ್ಷದ ಅನುಭವ ಇನ್ನೊಂದು ವರ್ಷದ ಭಯಕ್ಕೆ ಎಳ್ಳಷ್ಟೂ ಉಪಕಾರ ಮಾಡಲಿಲ್ಲ. ಇಂಥವರನ್ನು ನಾನು ಆಮೇಲೆ ಈ ದ್ವೀಪದಲ್ಲಿ ಬೇಕಾದಷ್ಟು ಕಂಡೆ: ಕೊಟ್ಟ ಗುಳಿಗೆಯನ್ನು ರೋಗಿ ನುಂಗಿದ ಮೇಲೂ ಚೀಟಿಯನ್ನು ಮತ್ತೊಮ್ಮೆ ಓದುವ ನಮ್ಮೂರ ನರ್ಸುಗಳು, ಬೀಗ ಹಾಕಿ ಅರ್ಧ ದಾರಿಗೆ ಬಂದು ಮತ್ತೆ ಹಿಂದಿರುಗುವ ಅಂಗಡಿಯವರು, ಬೆಸೆದ ಕೊಳವೆಯ ಮೇಲೆ ಕಿವಿಯಿಟ್ಟು ಕೂರುವ ಫಿಟ್ಟರುಗಳು. ನಾವು ನಗುತ್ತೇವೆ, ಸುಂದರ ಈಗಲೂ ನಗುತ್ತಾನೆ. ಆದರೆ ನನ್ನಂಥವನು ಹೆದರಿದಾಗ ಅವನಿಗೆ ಕಾಣುವುದು ತನ್ನ ಚರ್ಮವೊಂದೇ. ಇವರು ಹೆದರಿದಾಗ, ಕೈಯಲ್ಲಿರುವ ಕೆಲಸ ಇನ್ನಷ್ಟು ಸ್ಪಷ್ಟವಾಗಿ ಕಾಣಲು ತೊಡಗುತ್ತದೆ, ತೊಟ್ಟಿನ ಬುಡದ ಕಣ್ಣಿನವರೆಗೆ. ಅದಕ್ಕಾಗಿ ಯಾರೂ ಅವರಿಗೆ ಹಾರ ಹಾಕುವುದಿಲ್ಲ, ಹಾಕಬಂದರೆ ಅವರು ಟ್ಯಾಂಕಿನ ಹಿಂದೆ ಇರುತ್ತಾರೆ. ಗೆದ್ದೆವೆಂಬುದು ಅವರಿಗೆ ಕೊನೆಗೂ ತಿಳಿಯುವುದಿಲ್ಲ. ಹೆದರಿಕೆಗೆ ಇನ್ನೆರಡು ವರ್ಷದ ಮೊಹರು ಬಿದ್ದಿತೆಂದಷ್ಟೇ ತಿಳಿದು, ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಬರುತ್ತಾರೆ.